1983: ಗೋಡೆ ಪತ್ರಿಕೆಯ ನಡುವೆ ಯಾರ ಚಿತ್ರ ಬರಬೇಕು?

ತುಮಕೂರಿನ ಓದುಗ

ನಮ್ಮ ಬಡಾವಣೆಯ ವಾಚನಾಲಯದಲ್ಲಿ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಗೋಡೆ ಪತ್ರಿಕೆ ಮಾಡುತ್ತೇವೆ. ಯಾವುದಾದರೂ ಒಂದು ಹಳೆಯ ವರ್ಷವನ್ನು ಹಿಡಿದು, ಆಗಿನ ರಾಜಕೀಯ, ಸಿನಿಮಾ, ಸಾಹಿತ್ಯ, ಆಟ ಎಲ್ಲವನ್ನೂ ಪಿಯುಸಿ ಮಕ್ಕಳಿಂದಲೇ ಬರೆಸುತ್ತೇವೆ. ಈ ಸಲ 1983. ಸುತ್ತಲಿನ ಅಂಕಣಗಳು ಸಿದ್ಧವಾಗಿವೆ, ನಡುವಿನ ದೊಡ್ಡ ಜಾಗದ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ಹುಡುಗರಿಗೆ ಕಪಿಲ್ ದೇವ್ ಕೈಯಲ್ಲಿನ ವಿಶ್ವಕಪ್ ಬೇಕು. ಇನ್ನು ಕೆಲವರಿಗೆ ಡಾ. ರಾಜ್‌ಕುಮಾರ್ ಬೇಕು. ಪದ್ಮಭೂಷಣ ಬಂದದ್ದೂ ‘ಕವಿರತ್ನ ಕಾಳಿದಾಸ’ ಬಂದದ್ದೂ ಅದೇ ವರ್ಷ.

ನನ್ನ ಸಲಹೆ ಬೇರೆ. ಗೋಕಾಕ್ ಚಳವಳಿಗೆ ರಾಜ್ ಇಳಿದದ್ದರಿಂದಲೇ ಕಾಂಗ್ರೆಸ್ಸಿನ ಗುಂಡೂರಾವ್ ಸರ್ಕಾರ ಬಿತ್ತು, ಜನವರಿ 10ರಂದು ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಆದ್ದರಿಂದ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಇಡೋಣ ಎನ್ನುತ್ತೇನೆ. ಆ ಕಾಲವನ್ನು ಕಂಡವರು ಏನು ಹೇಳುತ್ತೀರಿ?

ಶೇಷಾದ್ರಿಪುರದ ಹಳಬ

ಸರಿಯಾದ ಆಯ್ಕೆ. 1982ರಲ್ಲಿ ಅಣ್ಣಾವ್ರ ಮೆರವಣಿಗೆಯನ್ನು ಕಣ್ಣಾರೆ ಕಂಡವರಿಗೆ ಎರಡನೆಯ ಮಾತೇ ಬೇಕಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದು ಗೋಕಾಕ್ ವರದಿ ಹೇಳಿದ್ದು 1981ರಲ್ಲಿ. ಸರ್ಕಾರ ಮೀನಮೇಷ ಎಣಿಸುತ್ತಾ ಕುಳಿತಿತು. ರಾಜ್ ಬೀದಿಗಿಳಿದ ಮೇಲೆ ಅದುವರೆಗೆ ಸಾಹಿತಿಗಳದ್ದಾಗಿದ್ದ ಹೋರಾಟ ಊರೂರಿನದಾಯಿತು. ಆ ಸಿಟ್ಟು ಮತಪೆಟ್ಟಿಗೆಯವರೆಗೂ ಹೋಯಿತು.

ಮಲಪ್ರಭಾ ದಂಡೆ

ಬೆಂಗಳೂರಿನವರು 1983ರ ಕತೆ ಹೇಳುವಾಗಲೆಲ್ಲ ಶುರುವಾಗುವುದು 1982ರಿಂದ. ನಮ್ಮ ಕಡೆ ಅದು ಶುರುವಾಗುವುದು 1980ರ ಜುಲೈ 21ರಿಂದ.

ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂದು ಅಭಿವೃದ್ಧಿ ಕರ ಹೇರಿದರು. ನೀರು ಬಾರದ ಹೊಲಕ್ಕೂ ನೋಟಿಸು ಬಂತು. ಹತ್ತಿಗೆ ಬೆಲೆ ಇರಲಿಲ್ಲ. ರೈತರು ನರಗುಂದ, ನವಲಗುಂದದ ತಹಶೀಲ್ದಾರ್ ಕಚೇರಿಗಳ ಮುಂದೆ ಸೇರಿದರು, ಗೋಲಿಬಾರ್ ಆಯಿತು. ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಸತ್ತರು. ಆಗ ಮುಖ್ಯಮಂತ್ರಿ ಇದೇ ಗುಂಡೂರಾವ್. ಅಂದಿನಿಂದ ಇಂದಿನವರೆಗೆ ಜುಲೈ 21ನ್ನು ನಾವು ಹುತಾತ್ಮರ ದಿನವೆಂದು ಆಚರಿಸುತ್ತೇವೆ.

ನಮ್ಮ ತಂದೆ ಆ ಚುನಾವಣೆಯಲ್ಲಿ ಮತ ಹಾಕಿದ್ದು ಕನ್ನಡದ 150 ಅಂಕಕ್ಕಾಗಿ ಅಲ್ಲ. ಆ ನೋಟಿಸನ್ನು ಅವರು ಜಮೀನಿನ ಪಹಣಿಯ ಜೊತೆ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದರು. ಮತ ಹಾಕಲು ಹೋಗುವ ಬೆಳಿಗ್ಗೆ ಅದನ್ನು ತೆಗೆದು ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೊರಟರು.

ಶೇಷಾದ್ರಿಪುರದ ಹಳಬ

ರೈತರ ಹೋರಾಟವನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಅದಕ್ಕೂ ಚುನಾವಣೆಗೂ ನಡುವೆ ಎರಡೂವರೆ ವರ್ಷ ಕಳೆದಿತ್ತು. ಜನ ಅಷ್ಟು ಕಾಲ ನೆನಪಿಟ್ಟುಕೊಳ್ಳುತ್ತಾರೆಯೇ?

ಮಲಪ್ರಭಾ ದಂಡೆ

ಗುಂಡೇಟು ತಿಂದ ಊರು ನೆನಪಿಟ್ಟುಕೊಳ್ಳುತ್ತದೆ.

ಕಾರ್ಖಾನೆ ಕಾಲೊನಿ

ಬೆಂಗಳೂರಿನ ಕತೆಯೂ ಒಂದೇ ಅಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಇಲ್ಲಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಎಲ್ಲ ಕಡೆಯೂ ಗೇಟು ಬಂದ್. ನನ್ನ ತಂದೆಯೂ ಮುಷ್ಕರದಲ್ಲಿದ್ದರು. ಅಮ್ಮ ಬಳೆಗಳನ್ನು ಅಡವಿಟ್ಟು ರೇಷನ್ ತಂದರು. ಕಿರಾಣಿ ಅಂಗಡಿಯವರು ಸಾಲದ ಪುಸ್ತಕದಲ್ಲಿ ಇನ್ನೊಂದು ಹಾಳೆ ತಿರುವಿ ‘ಕೆಲಸ ಶುರುವಾದ ಮೇಲೆ ಕೊಡಿ’ ಎಂದರು. ಅಂಥ ಮನೆಗಳ ಮತವೂ 1983ರಲ್ಲಿ ಬಿದ್ದಿದೆ. ಕನ್ನಡ ಬಾವುಟ ಹಿಡಿದು ರಾಜ್ ಹಿಂದೆ ನಡೆದವರಲ್ಲಿಯೂ ಅದೇ ಕಾರ್ಮಿಕರು ಇದ್ದರು. ಹಾಗಿರುವಾಗ ಇದು ಭಾಷೆಯ ಮತ, ಇದು ಹೊಟ್ಟೆಯ ಮತ ಎಂದು ಬೇರೆ ಮಾಡಲು ಬರುವುದಿಲ್ಲ.

ಸಾಗರದ ಮೇಷ್ಟ್ರು

ಸ್ವಲ್ಪ ಅಂಕಿಗಳನ್ನು ನೋಡೋಣ. ‘ಅಲೆ ಎದ್ದಿತು, ಕಾಂಗ್ರೆಸ್ ಕೊಚ್ಚಿಹೋಯಿತು’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. 224 ಸ್ಥಾನಗಳಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟಕ್ಕೆ ಬಂದದ್ದು 95. ಕಾಂಗ್ರೆಸ್ 82 ಉಳಿಸಿಕೊಂಡಿತು. ಬಿಜೆಪಿಗೆ 18. ಎರಡೂ ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ 3. ಉಳಿದವರಲ್ಲಿ ಬಹುಪಾಲು ಪಕ್ಷೇತರರು. ಬಹುಮತಕ್ಕೆ 113 ಬೇಕು. 95ಕ್ಕೆ ಬಿಜೆಪಿಯ 18 ಕೂಡಿದರೆ ಸರಿಯಾಗಿ 113, ಒಂದೂ ಹೆಚ್ಚಿಲ್ಲ. ಆ ಸರ್ಕಾರ ಬಿಜೆಪಿ, ಎಡಪಕ್ಷ, ಪಕ್ಷೇತರರ ಹೊರಬೆಂಬಲದಿಂದ ನಿಂತಿತ್ತು. ಒಂದು ಪಕ್ಕದಲ್ಲಿ ಬಿಜೆಪಿ, ಇನ್ನೊಂದು ಪಕ್ಕದಲ್ಲಿ ಕಮ್ಯುನಿಸ್ಟರು! ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಅಲೆ ನೋಡಬೇಕಾದರೆ ಪಕ್ಕದ ಆಂಧ್ರವನ್ನು ನೋಡಿ. ಅದೇ ಜನವರಿಯಲ್ಲಿ, ಪಕ್ಷ ಕಟ್ಟಿ ಒಂದು ವರ್ಷವೂ ತುಂಬುವ ಮುನ್ನ, ಎನ್‌.ಟಿ. ರಾಮರಾವ್ ಅಧಿಕಾರ ಹಿಡಿದರು. ಅಲ್ಲಿ ಸಿನಿಮಾ ನಟ ಪಕ್ಷ ಕಟ್ಟಿದರು. ಇಲ್ಲಿ ಅದಕ್ಕಿಂತ ದೊಡ್ಡ ಜನಪ್ರೀತಿ ಇದ್ದ ನಟ ಕಟ್ಟಲಿಲ್ಲ. ಗೋಡೆ ಪತ್ರಿಕೆಯಲ್ಲಿ ರಾಜ್ ಮತ್ತು ಹೆಗಡೆಯವರನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದರೆ, ರಾಜ್ ಜನತಾ ಪಕ್ಷದ ಪರ ಪ್ರಚಾರ ಮಾಡಿದರು ಎಂದು ಮಕ್ಕಳು ತಿಳಿಯುತ್ತಾರೆ. ಅವರು ರಾಜಕೀಯದಿಂದ ದೂರವೇ ಉಳಿದವರು. ಅವರ ದೊಡ್ಡತನ ಇರುವುದೇ ಅಲ್ಲಿ. ದಯವಿಟ್ಟು ಅದನ್ನು ಕದಡಬೇಡಿ.

ದೊಡ್ಡ ಪರದೆ

ಮೇಷ್ಟ್ರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಅಣ್ಣಾವ್ರ ಚಿತ್ರ ಬೇಕಾದರೆ ಕಲಾವಿದರಾಗಿಯೇ ಬರಲಿ. ಆ ಒಂದು ವರ್ಷದಲ್ಲಿ ಅವರು ಮಾಡಿದ ಪಾತ್ರಗಳನ್ನು ನೋಡಿ: ‘ಕವಿರತ್ನ ಕಾಳಿದಾಸ’ದ ಕುರುಬ, ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು, ‘ಕಾಮನಬಿಲ್ಲು’, ‘ಎರಡು ನಕ್ಷತ್ರಗಳು’. ಐವತ್ತು ದಾಟಿದ ನಟ, ಒಂದು ಪಾತ್ರದ ನೆರಳು ಇನ್ನೊಂದರ ಮೇಲೆ ಬೀಳದಂತೆ ನಟಿಸಿದ್ದಾರೆ. ಕಾಳಿದಾಸನಿಗೆ ಕಾಳಿ ಒಲಿಯುವ ಮುಂಚಿನ ಮಾತಿನ ಧಾಟಿಯನ್ನೂ ಒಲಿದ ಮೇಲಿನ ಉಚ್ಚಾರವನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿ. ದನಿ ಅದೇ, ಮನುಷ್ಯ ಬೇರೆ.

ಅದೇ ವರ್ಷ ‘ಬಂಧನ’ವೂ ಬಂದು ವಿಷ್ಣುವರ್ಧನ್ ಕೂಡ ಮೇಲಕ್ಕೇರಿದರಲ್ಲವೇ, ಅದನ್ನೂ ಸೇರಿಸಿ.

ಕಾರ್ಖಾನೆ ಕಾಲೊನಿ

‘ಬಂಧನ’ 1984.

ಶಿರಸಿ ಘಟ್ಟದವಳು

ಸಿನಿಮಾ ಅಂಕಣದಲ್ಲಿ ಬರೀ ನಾಯಕನಟರೇ ತುಂಬಿಕೊಳ್ಳದಿರಲಿ. ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದದ್ದು ಆಗಲೇ. ಎಂ.ಕೆ. ಇಂದಿರಾ ಅವರ ಕಾದಂಬರಿ, ಹೆಣ್ಣುಮಗಳ ನಿರ್ದೇಶನ. ಬಾಲವಿಧವೆಯ ಬಾಳನ್ನು ಅಳು ಗೋಳಿಲ್ಲದೆ ತೋರಿಸಿದ ಚಿತ್ರ. ನಮ್ಮ ಅಜ್ಜಿ ಅದನ್ನು ನೋಡಿ ಬಂದು ಎರಡು ದಿನ ಯಾರೊಡನೆಯೂ ಸಿನಿಮಾದ ಮಾತು ಎತ್ತಲಿಲ್ಲ. ಆಮೇಲೆ ತಾನೇ ಅಮ್ಮನನ್ನು ಕರೆದು, ತನ್ನ ಅತ್ತೆಯ ತಂಗಿಯ ತಲೆ ಬೋಳಿಸಿದ ದಿನದ ಕತೆ ಹೇಳಿದರಂತೆ. ಅದುವರೆಗೆ ಆ ಹೆಣ್ಣುಮಗಳ ಹೆಸರೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾಜಕೀಯವೆಂದರೆ ವಿಧಾನಸೌಧವೊಂದೇ ಎಂದು ಬರೆಯುವುದಾದರೆ ನನ್ನದೊಂದು ಆಕ್ಷೇಪವಿದೆ. ಆ ವರ್ಷದ ಸೆಪ್ಟೆಂಬರ್ 8ರಂದು ನಮ್ಮ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಗುತ್ತಿಗೆದಾರರ ಆಳುಗಳು ಕೊಡಲಿ ಕೆಳಗಿಡಬೇಕಾಯಿತು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯಲ್ಲಿ ‘ಬಳಸು’ ಕೂಡ ಇದೆ ಎಂಬುದನ್ನು ಗಮನಿಸಿ. ಕಾಡಿನ ಸೊಪ್ಪು, ಸೌದೆ, ಜೇನು ನಂಬಿ ಬದುಕುವವರು ಮಾಡಿದ ಹೋರಾಟ ಅದು. ಮುಖ್ಯಮಂತ್ರಿ ನಮ್ಮದೇ ಜಿಲ್ಲೆಯವರು, ಸಿದ್ದಾಪುರದ ದೊಡ್ಮನೆಯವರು. ಆದರೂ ಮರ ಕಡಿಯುವುದನ್ನು ನಿಲ್ಲಿಸಲು ಊರಿನವರೇ ಕಾಡಿಗೆ ಹೋಗಬೇಕಾಯಿತು.

ಎಡಗೈ ಸ್ಪಿನ್ನರ್

ಎಲ್ಲರೂ ಗಂಭೀರವಾಗಿ ಮಾತನಾಡುತ್ತಿದ್ದೀರಿ, ಸಂತೋಷ. ಆದರೆ ವಿಶ್ವಕಪ್ಪನ್ನು ಹುಡುಗರ ಹಟ ಎಂದು ಪಕ್ಕಕ್ಕೆ ತಳ್ಳಬೇಡಿ. ಅದರಲ್ಲಿ ಕರ್ನಾಟಕದ ಪಾಲು ಬಹಳ ದೊಡ್ಡದು. ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ರೋಜರ್ ಬಿನ್ನಿ, 18 ವಿಕೆಟ್. ಚೆಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 29 ರನ್ನಿಗೆ 4. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಅವರನ್ನು ಔಟ್ ಮಾಡಿದ್ದೂ ಅವರೇ.

ಕಿರ್ಮಾನಿಯವರ ಲೆಕ್ಕವನ್ನಂತೂ ಯಾರೂ ಹೇಳುವುದಿಲ್ಲ. ಜಿಂಬಾಬ್ವೆ ವಿರುದ್ಧ 17ಕ್ಕೆ 5 ಆಗಿದ್ದಾಗ ಕಪಿಲ್ 175 ಹೊಡೆದರು ಎಂದು ಎಲ್ಲರಿಗೂ ಗೊತ್ತು. 140ಕ್ಕೆ 8 ಆದ ಮೇಲೆ ಅವರ ಜೊತೆ ನಿಂತು ಮುರಿಯದ 126 ರನ್ ಜೊತೆಯಾಟ ಆಡಿದವರು ಕಿರ್ಮಾನಿ, ತಮ್ಮದು 24. ಅದಕ್ಕೂ ಮೊದಲು ಬಿನ್ನಿ 22 ಹೊಡೆದು ಕುಸಿತ ತಡೆದಿದ್ದರು. ಫೈನಲ್‌ನಲ್ಲಿ ಕೊನೆಯ ವಿಕೆಟಿಗೆ ಕಿರ್ಮಾನಿ ಮತ್ತು ಸಂಧು 22 ರನ್ ಕೂಡಿಸಿದರು. 183ರಲ್ಲಿ ಆ 22 ಎಷ್ಟು ದೊಡ್ಡದು ಎಂದು ಯೋಚಿಸಿ. ಬ್ಯಾಕಸ್ ಹೊಡೆತವನ್ನು ಬಲಕ್ಕೆ ಹಾರಿ ಹಿಡಿದ ಕ್ಯಾಚ್ ಇನ್ನೊಂದು. ನಡುವೆ ಕಪ್ ಇಡುವುದಾದರೆ ಬಿನ್ನಿ, ಕಿರ್ಮಾನಿ ಇಬ್ಬರೂ ಕಾಣುವ ಚಿತ್ರ ಹುಡುಕಿ.

ಶೇಷಾದ್ರಿಪುರದ ಹಳಬ

ಅದೇ ಹಂಗಾಮಿನಲ್ಲಿ ರಣಜಿಯನ್ನೂ ಗೆದ್ದೆವು. ಮುಂಬೈಯವರನ್ನು ಮುಂಬೈಯಲ್ಲೇ ಮೊದಲ ಇನಿಂಗ್ಸ್ ಮುನ್ನಡೆಯಿಂದ ಸೋಲಿಸಿ. ವಿಶ್ವಕಪ್ ಫೈನಲ್ ದಿನ ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಯವರು ಬಾಗಿಲು ತೆರೆದೇ ಇಟ್ಟಿದ್ದರು. ಪಡಸಾಲೆ ತುಂಬಿ ಜನ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಇಡೀ ರಾಜ್ಯವೇ ಅಂದು ರಾತ್ರಿ ಟಿವಿ ಮುಂದೆ ಕುಳಿತಿತ್ತು.

ಕಲಬುರಗಿ ಬಿಸಿಲು

ಇಡೀ ರಾಜ್ಯ ಅಲ್ಲ ಹಿರಿಯರೇ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ, 1977ರಲ್ಲೇ, ನಮ್ಮ ಗುಲ್ಬರ್ಗಕ್ಕೆ ಟಿವಿ ಕೇಂದ್ರ ಬಂದಿತ್ತು. ಅದಕ್ಕೂ ಹಿಂದೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಸಮುದಾಯ ಟಿವಿ ಕೊಟ್ಟಿದ್ದರು. ‘ಟಿವಿ ಮೊದಲು ಬಂದದ್ದು ರಾಜಧಾನಿಗೆ’ ಎಂದು ಮಕ್ಕಳು ಬರೆದಿದ್ದರೆ ತಿದ್ದಿಸಿ. ಹಿಂದುಳಿದ ಸೀಮೆ ಎನಿಸಿಕೊಂಡ ನಮಗೂ ಮೊದಲು ಸಿಕ್ಕಿದ್ದೊಂದು ಇದೆ.

ಇವೆರಡು ಕೇಂದ್ರಗಳ ಅಳತೆ ದಾಟಿದರೆ ಉಳಿದ ಜಿಲ್ಲೆಗಳಿಗೆ ರೇಡಿಯೊವೇ ಗತಿ.

ಸಾಗರದ ಮೇಷ್ಟ್ರು

ನಿಜ. ಆ ರಾತ್ರಿ ನಾವು ಕಾಮೆಂಟರಿ ಕೇಳಿದ್ದು ರೇಡಿಯೊದಲ್ಲಿ. ಗಾಳಿಗೆ ದನಿ ದೂರ ಹೋಗುವುದು, ಮತ್ತೆ ಬರುವುದು. ರಿಚರ್ಡ್ಸ್ ಔಟಾದರೆಂದು ತಿಳಿದಾಗ ಕಪಿಲ್ ಎಷ್ಟು ದೂರ ಹಿಂದಕ್ಕೆ ಓಡಿ ಹಿಡಿದರು ಎಂಬ ಕಲ್ಪನೆಯೇ ಇರಲಿಲ್ಲ. ಆ ಕ್ಯಾಚನ್ನು ನಾನು ಕಣ್ಣಿಂದ ನೋಡಿದ್ದು ಎಷ್ಟೋ ವರ್ಷಗಳ ಮೇಲೆ.

ಟಿವಿಯ ಕತೆಗೆ ರಾಜಕೀಯದ ನಂಟೂ ಇದೆ. ಆಗ ರೇಡಿಯೊ, ಟಿವಿ ಎರಡೂ ಕೇಂದ್ರ ಸರ್ಕಾರದ ಕೈಯಲ್ಲಿದ್ದವು. ಗುಂಡೂರಾವ್ ಸರ್ಕಾರದ ವಿರುದ್ಧದ ಮಾತು ಹಳ್ಳಿಗೆ ಬರುತ್ತಿದ್ದುದು ಪತ್ರಿಕೆಗಳಿಂದ. 1980ರಲ್ಲಿ ಶುರುವಾಗಿದ್ದ ಲಂಕೇಶರ ವಾರಪತ್ರಿಕೆ ನಮ್ಮೂರ ಕ್ಷೌರದಂಗಡಿಯಲ್ಲಿ ಕೈಯಿಂದ ಕೈಗೆ ಹೋಗಿ ಹಾಳೆಗಳು ಬಿಡಿಬಿಡಿಯಾಗುತ್ತಿದ್ದವು. ಆ ಪತ್ರಿಕೆಗೂ ನಿಮ್ಮ ಗೋಡೆಯಲ್ಲಿ ಜಾಗವಿರಲಿ.

ಸೋಮವಾರಪೇಟೆ ಕಾಫಿ

ಗುಂಡೂರಾವ್ ನಮ್ಮ ಜಿಲ್ಲೆಯವರು, ಕುಶಾಲನಗರದವರು. ಮುಖ್ಯಮಂತ್ರಿಯಾಗಿದ್ದುಕೊಂಡೇ ಸೋಮವಾರಪೇಟೆಯಲ್ಲಿ ಬಿ.ಎ. ಜೀವಿಜಯ ಅವರೆದುರು ಸೋತರು. ಎಲ್ಲರೂ ಅವರನ್ನು ಖಳನಾಯಕನಂತೆ ಬರೆಯುವುದು ನನಗೆ ಹಿಡಿಸುವುದಿಲ್ಲ. ಊರಿನವರ ಕೆಲಸಕ್ಕೆ ಓಡಾಡಿದ ಮನುಷ್ಯ, ಮಾತು ಒರಟು, ಮನಸ್ಸು ಒಳ್ಳೆಯದು ಎನ್ನುವವರು ಇಲ್ಲಿ ಇಂದಿಗೂ ಇದ್ದಾರೆ. ಗೋಲಿಬಾರಿನ ಹೊಣೆ ಅವರದ್ದೇ. ಒಳ್ಳೆಯ ಮನಸ್ಸು ಅದನ್ನು ಅಳಿಸುವುದಿಲ್ಲ, ಅದೂ ಸರಿ.

ಆ ವರ್ಷ ಕೊಡಗಿಗೆ ಇನ್ನೊಂದು ವಿಶೇಷವಿತ್ತು. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ, ಕೊಡಗಿನ ಕೊನೆಯ ಅರಸನ ಕಾದಂಬರಿಗೆ. ಕೊಡಗಿನ ಮುಖ್ಯಮಂತ್ರಿ ಗದ್ದುಗೆ ಕಳೆದುಕೊಂಡ ವರ್ಷವೇ ಗದ್ದುಗೆ ಕಳೆದುಕೊಂಡ ಅರಸನ ಕತೆಗೆ ದೇಶದ ದೊಡ್ಡ ಪ್ರಶಸ್ತಿ. ಮಕ್ಕಳು ಇದನ್ನು ಬರೆದಿದ್ದಾರೆಯೇ?

ತುಮಕೂರಿನ ಓದುಗ

ಮಾಸ್ತಿಯವರ ಅಂಕಣ ಇದೆ, ಈ ಸಂಬಂಧ ಯಾರಿಗೂ ಹೊಳೆದಿರಲಿಲ್ಲ. ಸೇರಿಸುತ್ತೇವೆ. ಚಿತ್ತಾಲರ ‘ಕಥೆಯಾದಳು ಹುಡುಗಿ’ಗೆ ಸಾಹಿತ್ಯ ಅಕಾಡೆಮಿ ಬಂದದ್ದೂ ಇದೆ.

ಹೆಗಡೆ ಸರ್ಕಾರ ಕನ್ನಡಕ್ಕಾಗಿ ಮಾಡಿದ್ದು ಎಂದು ಕನ್ನಡ ಕಾವಲು ಸಮಿತಿಯನ್ನೂ ಬರೆಸಿದ್ದೇನೆ. ಅದರ ಮೊದಲ ಅಧ್ಯಕ್ಷರು ಪಾಟೀಲ ಪುಟ್ಟಪ್ಪನವರು ತಾನೇ?

ಸಾಗರದ ಮೇಷ್ಟ್ರು

ಮೊದಲ ಅಧ್ಯಕ್ಷರು ಸಿದ್ದರಾಮಯ್ಯ. ಚಾಮುಂಡೇಶ್ವರಿ ಕ್ಷೇತ್ರದಿಂದ ಆ ಚುನಾವಣೆಯಲ್ಲೇ ಮೊದಲ ಸಲ ಗೆದ್ದು ಬಂದಿದ್ದರು. ಶಿಕಾರಿಪುರದಿಂದ ಯಡಿಯೂರಪ್ಪ ಮೊದಲ ಸಲ ಗೆದ್ದದ್ದೂ ಅದೇ ಚುನಾವಣೆಯಲ್ಲಿ. ಎಷ್ಟೋ ವರ್ಷಗಳ ಮೇಲೆ ಮುಖ್ಯಮಂತ್ರಿಗಳಾದ ಈ ಇಬ್ಬರು ಒಂದೇ ಸದನಕ್ಕೆ ಹೊಸಬರಾಗಿ ಕಾಲಿಟ್ಟರು. ಹೆಗಡೆಯವರಾದರೋ ಆಗ ಶಾಸಕರೇ ಅಲ್ಲ. ದೇವೇಗೌಡ, ಬೊಮ್ಮಾಯಿ, ಬಂಗಾರಪ್ಪ ಎಂದು ಹೆಸರುಗಳು ಓಡಾಡುತ್ತಿದ್ದಾಗ ಇವರ ಹೆಸರು ಮೇಲೆ ಬಂತು. ಆಮೇಲೆ ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ಬಿಟ್ಟುಕೊಟ್ಟು ಉಪಚುನಾವಣೆಯಲ್ಲಿ ಗೆಲ್ಲಿಸಿದರು.

ಕಲಬುರಗಿ ಬಿಸಿಲು

ಮುಖ್ಯಮಂತ್ರಿ ಯಾರಾದರು ಎಂಬುದನ್ನೇ ಎಷ್ಟು ಹೊತ್ತು ಬರೆಯುವುದು? ನನ್ನನ್ನು ಕೇಳಿದರೆ ನಡುವೆ ಅಬ್ದುಲ್ ನಜೀರ್ ಸಾಬ್ ಬರಬೇಕು. ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದರು, ಜನ ‘ನೀರ್ ಸಾಬ್’ ಎಂದರು. ನಮ್ಮ ಅಕ್ಕ ಕೊಡ ಹೊತ್ತು ಹಳ್ಳಕ್ಕೆ ಹೋಗುವುದು ನಿಂತಿದ್ದು ಊರಿನ ನಡುವೆ ಕೈಪಂಪು ಬಂದ ಮೇಲೆ. ಆ ಪಂಪಿನ ಹಿಡಿಕೆ ಗಟ್ಟಿ, ಚಿಕ್ಕವರಿಗೆ ಒಬ್ಬರಿಂದ ಆಗುತ್ತಿರಲಿಲ್ಲ. ಇಬ್ಬಿಬ್ಬರು ಜೋತುಬಿದ್ದು ಒತ್ತುತ್ತಿದ್ದೆವು. ಮೊದಲು ಗಾಳಿಯ ಸದ್ದು, ಆಮೇಲೆ ಕಬ್ಬಿಣದ ವಾಸನೆಯ ನೀರು.

ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆಯೂ 1983ರದ್ದೇ. ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ. ಮಹಿಳೆಯರಿಗೆ ಶೇ 25 ಸ್ಥಾನ ಮೀಸಲು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿಗಿಂತ ಎಷ್ಟೋ ಮುಂಚೆ. ಕಪ್ ಒಂದು ದಿನ ಗೆದ್ದೆವು. ಇದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇವೆ.

ಶಿರಸಿ ಘಟ್ಟದವಳು

ಮಂಡಲ ಪಂಚಾಯಿತಿಗೆ ನಮ್ಮ ದೊಡ್ಡಮ್ಮ ನಿಂತು ಗೆದ್ದಿದ್ದರು. ಆದ್ದರಿಂದ ನೀರ್ ಸಾಬರಿಗೆ ನನ್ನ ಮತ.

ಎಡಗೈ ಸ್ಪಿನ್ನರ್

ಒಂದು ದಿನ ಗೆದ್ದ ಕಪ್ ಎನ್ನಬೇಡಿ ಅಣ್ಣ. ನಮ್ಮೂರಿನ ಹುಡುಗರು ಅದುವರೆಗೆ ಹಾಕಿ, ಕಬಡ್ಡಿ, ವಾಲಿಬಾಲ್ ಎಲ್ಲ ಆಡುತ್ತಿದ್ದರು. ಮರುವರ್ಷದಿಂದ ತೆಂಗಿನ ಮಟ್ಟೆಯ ಬ್ಯಾಟು ಇಲ್ಲದ ಅಂಗಳವೇ ಇರಲಿಲ್ಲ.

ಮಲಪ್ರಭಾ ದಂಡೆ

ಅದರಿಂದ ವಾಲಿಬಾಲ್ ಸತ್ತಿತು ಎಂಬುದನ್ನೂ ಬರೆಯಿರಿ. ನಮ್ಮ ಊರಿನ ತಂಡ ಜಿಲ್ಲೆಗೆ ಹೆಸರಾಗಿತ್ತು.

ದೊಡ್ಡ ಪರದೆ

ರೈತರೋ ಕನ್ನಡವೋ ಎಂಬ ವಾದಕ್ಕೆ ಮತ್ತೆ ಬರುತ್ತೇನೆ, ನನಗೊಂದು ವಿಷಯ ಹೊಳೆಯಿತು. ಕುವೆಂಪು ಅವರ ‘ನೇಗಿಲಯೋಗಿ’ಯನ್ನು ‘ಕಾಮನಬಿಲ್ಲು’ ಚಿತ್ರಕ್ಕೆ ಸಿ. ಅಶ್ವತ್ಥ್ ಹಾಡಿದರು. ಪರದೆಯ ಮೇಲೆ ರಾಜ್. ಪುಸ್ತಕದಲ್ಲಿದ್ದ ಆ ಪದ್ಯ ರೈತರ ಸಭೆಗಳಲ್ಲಿ ಎಲ್ಲರ ಬಾಯಿಗೆ ಬಂದದ್ದು ಆ ದನಿಯಿಂದ. ಅದೇ ವರ್ಷ ಗೆದ್ದ ಜನತಾ ಪಕ್ಷದ ಚಿಹ್ನೆ ಯಾವುದು? ಚಕ್ರದೊಳಗೆ ನೇಗಿಲು ಹೊತ್ತ ರೈತ. ಕವಿತೆಗೂ ಪಕ್ಷಕ್ಕೂ ಸಂಬಂಧವಿಲ್ಲ, ಕವಿತೆ ಎಷ್ಟೋ ಹಿಂದಿನದು. ಆದರೆ ಆ ವರ್ಷ ಪರದೆಯ ಮೇಲೂ ಮತಪತ್ರದ ಮೇಲೂ ನೇಗಿಲು ಹೊತ್ತವನೇ ಇದ್ದ. ನಡುವೆ ಯಾವ ನಾಯಕನನ್ನೂ ಇಡದೆ ಈ ನೇಗಿಲನ್ನೇ ಇಟ್ಟರೆ?

ಕಾರ್ಖಾನೆ ಕಾಲೊನಿ

ಇದು ಒಳ್ಳೆಯ ಸಲಹೆ.

ಶೇಷಾದ್ರಿಪುರದ ಹಳಬ

ನೇಗಿಲು ಇಡಿ, ಬೇಡ ಎನ್ನುವುದಿಲ್ಲ. ಆದರೆ ಗೋಕಾಕ್ ಚಳವಳಿಯನ್ನು ಒಂದು ಮೂಲೆಗೆ ತಳ್ಳಿದರೆ ನಾನು ಒಪ್ಪುವುದಿಲ್ಲ. ರಾಜ್ಯೋತ್ಸವದ ಗೋಡೆ ಪತ್ರಿಕೆ ಅದು. ಕನ್ನಡ ಓದದೆಯೇ ಎಸ್ಸೆಸ್ಸೆಲ್ಸಿ ಮುಗಿಸಬಹುದಾಗಿದ್ದ ಕಾಲವೊಂದಿತ್ತು ಎಂಬುದು ಆ ಮಕ್ಕಳಿಗೆ ತಿಳಿಯಲೇಬೇಕು.

ತುಮಕೂರಿನ ಓದುಗ

ಎಲ್ಲರಿಗೂ ವಂದನೆ. ನಿನ್ನೆ ಸಂಜೆ ಈ ಮಾತುಗಳನ್ನೆಲ್ಲ ಮಕ್ಕಳಿಗೆ ಓದಿ ಹೇಳಿದೆ. ಅವರೇ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ನಡುವೆ ನೇಗಿಲಿನ ಚಿತ್ರ, ಅದನ್ನು ಒಬ್ಬ ಹುಡುಗಿ ಬಣ್ಣದಲ್ಲಿ ಬರೆಯುತ್ತಾಳೆ. ಕೆಳಗೆ 95, 82, 18 ಎಂಬ ಸಂಖ್ಯೆಗಳು. ಎಡಗಡೆ ನರಗುಂದ, ನವಲಗುಂದ ಮತ್ತು 77 ದಿನಗಳ ಮುಷ್ಕರ. ಬಲಗಡೆ ಗೋಕಾಕ್ ಚಳವಳಿ ಮತ್ತು ರಾಜ್, ಆದರೆ ಹೆಗಡೆಯವರ ಚೌಕಟ್ಟಿನಿಂದ ದೂರ. ಕಪ್ ಮೇಲ್ಗಡೆ, ಬಿನ್ನಿ ಕಿರ್ಮಾನಿ ಇಬ್ಬರೂ ಇರುವ ಚಿತ್ರದೊಡನೆ. ಕೈಪಂಪಿಗೆ ಮತ್ತು ಅಪ್ಪಿಕೋಗೆ ಒಂದೊಂದು ಪೂರ್ತಿ ಹಾಳೆ. ‘ಫಣಿಯಮ್ಮ’ದ ಬಗ್ಗೆ ಬರೆಯಲು ಇಬ್ಬರು ಮುಂದೆ ಬಂದಿದ್ದಾರೆ. ಇಬ್ಬರೂ ಮೊದಲು ಕಾದಂಬರಿ ಓದುತ್ತಾರಂತೆ.

ಶಿರಸಿ ಘಟ್ಟದವಳು

ಅಪ್ಪಿಕೋ ಹಾಳೆಗೆ ಸಾಲ್ಕಣಿಯ ಈಗಿನ ಕಾಡಿನ ಚಿತ್ರ ಬೇಕಾದರೆ ತೆಗೆದು ಕಳಿಸುತ್ತೇನೆ. ಮಳೆ ನಿಲ್ಲಲಿ.

ಮಲಪ್ರಭಾ ದಂಡೆ

ನಮ್ಮ ತಂದೆಯ ಆ ನೋಟಿಸು ಇನ್ನೂ ಇದೆ. ಮಡಿಕೆಗಳಲ್ಲಿ ಹರಿದಿದೆ, ಅಕ್ಷರ ಓದಲು ಬರುತ್ತದೆ. ಮೂಲವನ್ನು ಕೊಡಲಾರೆ, ಬಣ್ಣದ ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳಿಸುತ್ತೇನೆ. ವಾಚನಾಲಯದ ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕೊಡಿ. ಅದರ ಪಕ್ಕದಲ್ಲಿ ಕಡ್ಲಿಕೊಪ್ಪ ಮತ್ತು ಲಕ್ಕುಂಡಿ ಇಬ್ಬರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ.